ಹೆಡ್ ಬೋಲ್ಟ್ ಬುಡದಲ್ಲಿ ಕೂಲೆಂಟ್ ಜಿನುಗಿದರೆ: ಯಾವ ಸೀಲಂಟ್, ಬೋಲ್ಟೋ ಸ್ಟಡ್ಡೋ?

ಎಂಜಿನ್ ಕಟ್ಟಿ ಮುಗಿದಿದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ತೆಳು ಹಾಳೆ) ಹೊಸದು. ಬ್ಲಾಕ್ ಮೇಲ್ಮೈ ಮಷಿನ್ ಆಗಿದೆ. ಟಾರ್ಕ್, ಅಂದರೆ ಬೋಲ್ಟ್ ತಿರುಗಿಸಿ ಬಿಗಿ ಮಾಡುವ ಬಲದ ಲೆಕ್ಕವೂ ತಪ್ಪಿಲ್ಲ. ಕೂಲೆಂಟ್ (ಎಂಜಿನ್ ತಣ್ಣಗಿಡುವ, ನೀರು ಬೆರೆತ ದ್ರವ) ತುಂಬಿ ಒಂದು ಸಲ ಬಿಸಿ ಮಾಡಿ ನೋಡಿದರೆ, ಒಂದು ಬೋಲ್ಟ್ ತಲೆಯ ಸುತ್ತ ಹಸಿರು ತೇವ. ಒರೆಸಿದರೆ ಮತ್ತೆ ಬರುತ್ತದೆ. ಎಲ್ಲರೂ ಮೊದಲು ಬೆರಳು ತೋರಿಸೋದು ಹೆಡ್ ಗ್ಯಾಸ್ಕೆಟ್ ಕಡೆಗೆ. ಪಾಪ, ಎಷ್ಟೋ ಸಲ ಅದರ ತಪ್ಪೇನೂ ಇರೋದಿಲ್ಲ. ಕೂಲೆಂಟ್ ಬರುತ್ತಿರೋದು ಬೋಲ್ಟಿನ ಥ್ರೆಡ್ (ತಿರುಪಿನ ಸುರುಳಿ ಗೆರೆ) ಹಿಡಿದುಕೊಂಡು.

ಇದಕ್ಕೆ ಮದ್ದು ಬೇಕಾದಷ್ಟಿದೆ. ಗಟ್ಟಿಯಾಗದ ಸೀಲಂಟ್ (ಸಂದು ಮುಚ್ಚುವ ಅಂಟು), ಗಟ್ಟಿಯಾಗುವ ಸೀಲಂಟ್, ಸಿಲಿಕೋನ್, ಟೇಪ್, ತಾಮ್ರದ ವಾಷರ್, ರೇಡಿಯೇಟರ್‌ಗೆ ಹಾಕುವ ಮಾತ್ರೆ, ಬೋಲ್ಟ್ ತೆಗೆದು ಸ್ಟಡ್ (ತಲೆ ಇಲ್ಲದ, ಮೇಲೆ ನಟ್ ಹಾಕುವ ತಿರುಪು ಸರಳು), ಸ್ಟಡ್ ತೆಗೆದು ಬೋಲ್ಟ್. ಪ್ರತಿಯೊಂದಕ್ಕೂ ಆಣೆ ಮಾಡಿ ಹೇಳುವವರು ಇದ್ದಾರೆ. ನನ್ನ ಪ್ರಕಾರ ಯಾವ ಟ್ಯೂಬ್ ಒಳ್ಳೆಯದು ಅಂತ ಮೊದಲೇ ಕೇಳೋದೇ ತಪ್ಪು. ಕೇಳಬೇಕಾದ್ದು ಮೂರು. ಆ ತೂತು ನೀರಿಗೆ ತೆರೆದಿದೆಯಾ? ಸೀಲಂಟ್ ಹಚ್ಚಿದ ಮೇಲೆ ಆ ಥ್ರೆಡ್ ತಿರುಗುತ್ತದಾ, ಸುಮ್ನೆ ಕೂತಿರುತ್ತದಾ? ಆಮೇಲೆ ಇನ್ನೊಮ್ಮೆ ಬಿಗಿ ಮಾಡುವ ಯೋಚನೆ ಇದೆಯಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಟ್ಯೂಬ್ ತಾನಾಗಿಯೇ ಗೊತ್ತಾಗುತ್ತದೆ.

ತೂತು ಎಲ್ಲಿಗೆ ಹೋಗುತ್ತದೆ?

ಹೆಡ್ ಬೋಲ್ಟ್ ಕೂರುವ ತೂತುಗಳಲ್ಲಿ ಎರಡು ಜಾತಿ. ಒಂದು, ತಳ ಮುಚ್ಚಿದ್ದು. ಅದು ಬ್ಲಾಕ್‌ನ ಲೋಹದೊಳಗೇ ಮುಗಿಯುತ್ತದೆ, ನೀರಿನ ಸಹವಾಸವೇ ಇಲ್ಲ. ಇನ್ನೊಂದು, ತಳ ತೆರೆದಿದ್ದು. ಅದು ಸೀದಾ ವಾಟರ್ ಜಾಕೆಟ್ (ಬ್ಲಾಕ್‌ನೊಳಗೆ ಕೂಲೆಂಟ್ ಹರಿಯುವ ಜಾಗ) ಒಳಗೆ ಬಾಯಿ ಬಿಟ್ಟಿರುತ್ತದೆ. ಬೋಲ್ಟಿನ ತುದಿ ಸದಾ ಕೂಲೆಂಟ್‌ನಲ್ಲೇ ಇರುತ್ತದೆ.

1955ರಲ್ಲಿ ಬಂದ ಶೆವರ್ಲೆ ಸ್ಮಾಲ್ ಬ್ಲಾಕ್ ವಿ8 ಎರಡನೇ ಜಾತಿಗೆ ಸರಿಯಾದ ಉದಾಹರಣೆ. ಒಂದೊಂದು ಹೆಡ್‌ಗೆ 17 ಬೋಲ್ಟ್, ಎರಡೂ ಸೇರಿ 34. ಎಲ್ಲವೂ ನೀರಿಗೆ ಇಳಿಯುತ್ತವೆ. ಅದೇ ಕಂಪನಿ 1997ರಲ್ಲಿ ತಂದ ಎಲ್‌ಎಸ್ ಸರಣಿಯಲ್ಲಿ ಹೆಡ್ ಬೋಲ್ಟ್ ತೂತುಗಳ ತಳ ಮುಚ್ಚಿದೆ. ಜೀಪ್‌ನ 4.0 ಲೀಟರ್ ಆರು ಸಿಲಿಂಡರ್ ಎಂಜಿನ್ ಇನ್ನೂ ತಮಾಷೆ. ಅದರ 14 ಬೋಲ್ಟ್‌ಗಳಲ್ಲಿ 11ನೇದಕ್ಕೆ ಮಾತ್ರ ಸೀಲಂಟ್ ಹಚ್ಚಿ ಅಂತ ಸರ್ವಿಸ್ ಕೈಪಿಡಿ ಹೇಳುತ್ತದೆ. ಉಳಿದವಕ್ಕೆ 110 ಫುಟ್-ಪೌಂಡ್ ಟಾರ್ಕ್, ಆ ಒಂದಕ್ಕೆ 100. ಹಾಗಾಗಿ ಪಕ್ಕದವರ ಎಂಜಿನ್‌ನ ಅನುಭವ ನಿಮ್ಮ ಎಂಜಿನ್‌ಗೆ ಲೆಕ್ಕಕ್ಕಿಲ್ಲ. ಕೈಪಿಡಿ ತೆಗೆದು ನೋಡಿ.

ಕೈಪಿಡಿ ಸಿಗದಿದ್ದರೆ ಬ್ಲಾಕ್ ಅನ್ನೇ ಕೇಳಬಹುದು. ಬಿಚ್ಚಿದ ಹಳೆ ಬೋಲ್ಟಿನ ತುದಿ ನೋಡಿ. ತುಕ್ಕು, ಬಿಳಿ ಪೊರೆ, ಒಣಗಿದ ಸೀಲಂಟ್ ಇದ್ದರೆ ಅದು ನೀರಿನಲ್ಲಿ ನಿಂತಿದ್ದ ಬೋಲ್ಟ್. ತೂತಿಗೆ ತೆಳ್ಳಗಿನ ತಂತಿ ಇಳಿಸಿ. ಗಟ್ಟಿ ತಳಕ್ಕೆ ಟಕ್ ಅಂತ ತಾಗಿದರೆ ಮುಚ್ಚಿದ ತೂತು ಇರಬಹುದು. ಆದರೆ ಎದುರಿನ ಜಾಕೆಟ್ ಗೋಡೆಗೂ ತಂತಿ ಹಾಗೇ ತಾಗುತ್ತದೆ. ಅದಕ್ಕೇ ಫ್ರೀಜ್ ಪ್ಲಗ್ (ಬ್ಲಾಕ್ ಗೋಡೆಯ ತೂತು ಮುಚ್ಚುವ ಬಿಲ್ಲೆ) ತೆಗೆದ ಜಾಗದಿಂದ ಟಾರ್ಚ್ ಬಿಟ್ಟು ಮೇಲಿನಿಂದ ನೋಡೋದು ಇನ್ನೂ ನಂಬಿಕೆಯ ದಾರಿ. ಬೆಳಕು ಕಂಡರೆ ತೂತು ತೆರೆದಿದೆ, ಅಷ್ಟೇ.

ಇದನ್ನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಯಾವುದಕ್ಕೂ ಇರಲಿ ಅಂತ ಎಲ್ಲಾ ತೂತಿಗೂ ಸೀಲಂಟ್ ಸುರಿಯೋದು ಅಪಾಯ. ತಳ ಮುಚ್ಚಿದ ತೂತಿನಲ್ಲಿ ಸೀಲಂಟ್, ಎಣ್ಣೆ, ಕೂಲೆಂಟ್, ಏನೇ ನಿಂತರೂ ಅದಕ್ಕೆ ಹೋಗಲು ಜಾಗ ಇರೋದಿಲ್ಲ. ಬೋಲ್ಟ್ ಕೆಳಗಿಳಿದಂತೆ ದ್ರವ ಹೈಡ್ರಾಲಿಕ್ ಜ್ಯಾಕ್ ಥರ ಒತ್ತುತ್ತದೆ. ಟಾರ್ಕ್ ರೆಂಚ್ ಕ್ಲಿಕ್ ಅನ್ನುತ್ತದೆ, ಹೆಡ್ ಮಾತ್ರ ಬಿಗಿಯಾಗಿರೋದಿಲ್ಲ. ಗ್ರಹಚಾರ ಕೆಟ್ಟಿದ್ದರೆ ಬ್ಲಾಕೇ ಸೀಳುತ್ತದೆ. ಎಲ್‌ಎಸ್ ಬ್ಲಾಕ್‌ಗಳು ಹೀಗೆ ಸೀಳಿ ಹಾಳಾಗೋದು ಎಂಜಿನ್ ಕಟ್ಟುವವರಿಗೆ ಗೊತ್ತಿರುವ ವಿಷಯ.

ಸೋರುತ್ತಿರೋದು ನಿಜಕ್ಕೂ ಬೋಲ್ಟೇನಾ?

ಥ್ರೆಡ್ ಎಷ್ಟೇ ಬಿಗಿಯಾಗಿ ಕೂತರೂ ನೀರು ತಡೆಯೋದಿಲ್ಲ. ಬೋಲ್ಟಿನ ಥ್ರೆಡ್‌ನ ದಿಣ್ಣೆಗೂ ತೂತಿನ ಥ್ರೆಡ್‌ನ ತಗ್ಗಿಗೂ ನಡುವೆ ಸಣ್ಣ ಸಂದು ಉಳಿದೇ ಉಳಿಯುತ್ತದೆ. ಅದು ಕೆಳಗಿನಿಂದ ಮೇಲಿನವರೆಗೆ ಸುತ್ತಿಕೊಂಡು ಹೋಗುವ ಒಂದೇ ದಾರಿ. ಬಿಸಿ ಎಂಜಿನ್‌ನಲ್ಲಿ ರೇಡಿಯೇಟರ್ ಕ್ಯಾಪ್ ಹಿಡಿದಿಡುವ ಒತ್ತಡ ಸಾಮಾನ್ಯವಾಗಿ 13ರಿಂದ 16 ಪಿಎಸ್‌ಐ, ಅಂದರೆ ಸುಮಾರು 1 ಬಾರ್. ಆ ಒತ್ತಡ ಕೂಲೆಂಟನ್ನು ಸುರುಳಿ ದಾರಿಯಲ್ಲಿ ಮೇಲಕ್ಕೆ ತಳ್ಳುತ್ತದೆ. ಅಲ್ಲಿಂದ ಹೆಡ್‌ನ ತೂತಿಗೂ ಬೋಲ್ಟಿನ ಕಾಂಡಕ್ಕೂ ನಡುವಿನ ಸಂದು. ಕೊನೆಗೆ ವಾಷರ್ ಅಡಿಯಿಂದ ಹೊರಗೆ.

ಆದರೆ ಬೋಲ್ಟ್ ತಲೆ ಒದ್ದೆ ಇದೆ ಅಂದಮಾತ್ರಕ್ಕೆ ಕಳ್ಳ ಅವನೇ ಅಂತ ಅಲ್ಲ. ಇನ್‌ಟೇಕ್ ಗ್ಯಾಸ್ಕೆಟ್ ಮೂಲೆಯಿಂದ ಇಳಿದ ಕೂಲೆಂಟ್ ಹೆಡ್ ಮೇಲೆ ಹರಿದು ಬೋಲ್ಟಿನ ಗುಳಿಯಲ್ಲಿ ನಿಲ್ಲಬಹುದು. ಥರ್ಮೋಸ್ಟಾಟ್ ಹೌಸಿಂಗ್, ಹೀಟರ್ ಹೋಸ್ ಕೂಡ ಇದೇ ಆಟ ಆಡುತ್ತವೆ. ಎಂಜಿನ್ ತಣ್ಣಗಿರುವಾಗ ಪರೀಕ್ಷೆ ಮಾಡಿ. ಬೋಲ್ಟ್ ತಲೆಗಳನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಗಾಳಿ ಊದಿ ಒಣಗಿಸಿ. ತೆಳ್ಳಗಿನ ಟಿಶ್ಯೂ ಪೇಪರನ್ನು ಹೊಸೆದು ಅನುಮಾನ ಇರುವ ವಾಷರ್ ಸುತ್ತ ಉಂಗುರದ ಹಾಗೆ ಇಡಿ. ರೇಡಿಯೇಟರ್ ಬಾಯಿಗೆ ಪ್ರೆಶರ್ ಟೆಸ್ಟರ್ ಸಿಕ್ಕಿಸಿ, ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಡಿ, ಜಾಸ್ತಿ ಬೇಡ. ಕಾಯಿರಿ. ಪೇಪರ್ ಯಾವ ಕಡೆಯಿಂದ ಬಣ್ಣ ಕುಡಿಯುತ್ತದೆ ನೋಡಿ. ವಾಷರ್ ಕಡೆಯ ಅಂಚಿನಿಂದ ಒದ್ದೆಯಾದರೆ ಬೋಲ್ಟ್. ಹೊರ ಅಂಚಿನಿಂದ ಒದ್ದೆಯಾದರೆ ನೀರು ಬೇರೆಲ್ಲಿಂದಲೋ ಹರಿದು ಬಂದಿದೆ.

ರೇಡಿಯೇಟರ್‌ನಲ್ಲಿ ಗುಳ್ಳೆ ಬರುತ್ತಿದ್ದರೆ ಕಥೆ ಬೇರೆ. ದಹನದ ಹೊಗೆ ಕೂಲೆಂಟ್‌ಗೆ ಸೇರುತ್ತಿರಬಹುದು. ಅದಕ್ಕೆ ನೀಲಿ ದ್ರವದ ಟೆಸ್ಟ್ ಕಿಟ್ ಇದೆ. ಹೊಗೆ ಸಿಕ್ಕರೆ ದ್ರವ ಹಳದಿಗೆ ತಿರುಗುತ್ತದೆ. ಅದು ಗ್ಯಾಸ್ಕೆಟ್ ಅಥವಾ ಬಿರುಕಿನ ಕೆಲಸ. ಥ್ರೆಡ್ ಸೀಲಂಟ್ ಅಲ್ಲಿ ಏನೂ ಮಾಡಲಾರದು.

ಇನ್ನೊಂದು ಮಾತು. ಸ್ಮಾಲ್ ಬ್ಲಾಕ್‌ನಂಥ ಎಂಜಿನ್‌ನಲ್ಲಿ ಕೆಲವು ಬೋಲ್ಟ್ ತಲೆಗಳು ಹೊರಗೆ ಎಕ್ಸಾಸ್ಟ್ ಪಕ್ಕ ಇರುತ್ತವೆ, ಕೆಲವು ರಾಕರ್ ಕವರ್ ಒಳಗೆ. ಹೊರಗಿನದು ಸೋರಿದರೆ ಕಣ್ಣಿಗೆ ಕಾಣುತ್ತದೆ. ಒಳಗಿನದು ಸೋರಿದರೆ ಕೂಲೆಂಟ್ ಎಣ್ಣೆಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆಸಿದ ಬಣ್ಣ ಬರುವ ಹೊತ್ತಿಗೆ ಬೇರಿಂಗ್‌ಗಳು ಕೂಲೆಂಟ್‌ನ ಗ್ಲೈಕಾಲ್ ಸೇರಿದ ಎಣ್ಣೆಯಲ್ಲಿ ಓಡಿರುತ್ತವೆ. ಹಾಗಾಗಿ ಹೊರಗೆ ಒಂದು ಸೋರುತ್ತಿದ್ದರೆ ಕವರ್ ತೆಗೆದು ಒಳಗಿನವನ್ನೂ ನೋಡಿಬಿಡಿ. ಎಲ್ಲವನ್ನೂ ಹಚ್ಚಿದ್ದು ಒಂದೇ ಕೈ, ಒಂದೇ ಟ್ಯೂಬ್ ಅಲ್ವಾ?

ಸೀಲಂಟ್‌ಗಳ ಹೋಲಿಕೆ

ಗಟ್ಟಿಯಾಗದ ಜಾತಿಯಿಂದ ಶುರು ಮಾಡೋಣ. ಪರ್ಮಾಟೆಕ್ಸ್ ಏವಿಯೇಶನ್ ಫಾರ್ಮ್-ಎ-ಗ್ಯಾಸ್ಕೆಟ್ ನಂ. 3 ಈ ಗುಂಪಿನದು. ಕಂದು ಬಣ್ಣದ ಅಂಟು, ಮುಚ್ಚಳದಲ್ಲೇ ಬ್ರಷ್ ಇರುತ್ತದೆ. ಇದು ನಿಧಾನವಾಗಿ ಒಣಗುತ್ತದೆ, ಆದರೆ ಕಲ್ಲಿನಂತೆ ಗಟ್ಟಿಯಾಗೋದಿಲ್ಲ, ಮೆದುವಾಗೇ ಉಳಿಯುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಥ್ರೆಡ್ ತಳದಲ್ಲಿ ಕೂಲೆಂಟ್‌ನ ಬಿಸಿಗೆ ಇದು ಧಾರಾಳ ಸಾಕು. ಇದರ ದೊಡ್ಡ ಗುಣ ಏನಂದರೆ, ಎಂಜಿನ್ ಬಿಸಿಯಾಗಿ ತಣ್ಣಗಾಗುವಾಗ ಲೋಹ ಹಿಗ್ಗಿ ಕುಗ್ಗಿದರೆ ಇದೂ ಜೊತೆಗೆ ಜರುಗುತ್ತದೆ. ಆಮೇಲೆ ಬೋಲ್ಟನ್ನು ಇನ್ನೊಮ್ಮೆ ಬಿಗಿ ಮಾಡಿದರೂ ಸೀಲ್ ಒಡೆಯೋದಿಲ್ಲ. ಕೆಟ್ಟ ಗುಣ, ಕೈಗೆ ಬಟ್ಟೆಗೆ ಎಲ್ಲಾ ಮೆತ್ತಿಕೊಳ್ಳುತ್ತದೆ. ಸವೆದು ಸಡಿಲವಾದ ಥ್ರೆಡ್‌ನಲ್ಲಿ ದೊಡ್ಡ ಸಂದು ತುಂಬುವ ಶಕ್ತಿಯೂ ಇದಕ್ಕೆ ಕಡಿಮೆ.

ಎರಡನೇದು ಟೆಫ್ಲಾನ್ ಪುಡಿ ಬೆರೆಸಿದ ಪೇಸ್ಟ್. ಬೋಲ್ಟ್ ತಯಾರಿಸುವ ಎಆರ್‌ಪಿ ಕಂಪನಿ ತನ್ನ ಬೋಲ್ಟ್, ಸ್ಟಡ್‌ಗಳಿಗೆ ಅಂತಲೇ ಮಾರುವ ಥ್ರೆಡ್ ಸೀಲರ್ ಇಂಥದ್ದು. ಸೀಲ್ ಮಾಡುವ ಜೊತೆಗೆ ಥ್ರೆಡ್‌ಗೆ ಜಾರುವ ಗುಣವನ್ನೂ ಕೊಡುತ್ತದೆ. ಬೋಲ್ಟ್ ತಿರುಗಿಸುವಾಗ ಕಚ್ಚಿಕೊಂಡು ಕಿರುಗುಟ್ಟೋದಿಲ್ಲ, ಟಾರ್ಕ್ ಒಂದೇ ಸಮ ಏರುತ್ತದೆ. ತೆರೆದ ತೂತಿಗೆ ಬೋಲ್ಟ್ ಹಾಕುವವರಿಗೆ ನನ್ನ ಮೊದಲ ಆಯ್ಕೆ ಇದು. ಇದಿಲ್ಲದಿದ್ದರೆ ಮೇಲೆ ಹೇಳಿದ ಕಂದು ಅಂಟು.

ಮೂರನೇದು ಅನಿರೋಬಿಕ್ ಸೀಲಂಟ್. ಲಾಕ್‌ಟೈಟ್ 567, 592 ಇವು ಟೆಫ್ಲಾನ್ ಬೆರೆಸಿದ ಅನಿರೋಬಿಕ್‌ಗಳು. ಟ್ಯೂಬ್‌ನಲ್ಲಿ ಗಾಳಿ ತಾಗುವಷ್ಟು ಹೊತ್ತು ಮೆದುವಾಗಿರುತ್ತವೆ. ಗಾಳಿ ತಪ್ಪಿ ಲೋಹಕ್ಕೆ ಅಂಟಿಕೊಂಡ ಕೂಡಲೇ ಗಟ್ಟಿಯಾಗಲು ಶುರು. ಸಂದು ತುಂಬುವುದರಲ್ಲಿ ಇವು ಮೇಲು. ಆದರೆ ಇವು ಬರೀ ಲೋಹಕ್ಕೆ ಸ್ಪಂದಿಸುವ ಜಾತಿ. ಕಬ್ಬಿಣದ ಬ್ಲಾಕ್‌ನಲ್ಲಿ ಚೆನ್ನಾಗಿ ಕೂರುತ್ತವೆ. ಸ್ಟೇನ್‌ಲೆಸ್, ಲೇಪನ ಇರುವ ಬೋಲ್ಟ್ ಇವೆಲ್ಲ ಇದ್ದಲ್ಲಿ ನಿಧಾನ, ಕೆಲವು ಸಲ ಪ್ರೈಮರ್ ಬೇಕು. ಥ್ರೆಡ್‌ನಲ್ಲಿ ಎಣ್ಣೆ ಪಸೆ ಉಳಿದಿದ್ದರಂತೂ ಹಿಡಿತವೇ ಸರಿಯಾಗಿ ಸಿಗೋದಿಲ್ಲ. ಇನ್ನೂ ಮುಖ್ಯ: ಗಟ್ಟಿಯಾದ ಮೇಲೆ ಆ ಥ್ರೆಡ್ ತಿರುಗಿದರೆ ಸೀಲ್ ಒಡೆಯುತ್ತದೆ, ಮತ್ತೆ ತಾನಾಗಿ ಕೂಡಿಕೊಳ್ಳೋದಿಲ್ಲ. ಬೋಲ್ಟ್ ಹಾಕಿ, ನಾಳೆ ಬಿಸಿ ಮಾಡಿ, ನಾಡಿದ್ದು ಇನ್ನೊಮ್ಮೆ ಬಿಗಿ ಮಾಡುವವರಿಗೆ ಇದು ಸರಿ ಹೊಂದದು. 592 ನಿಧಾನವಾಗಿ ಗಟ್ಟಿಯಾಗುವ ಬಗೆ. ಹೆಡ್‌ನಂಥ ಸಾವಕಾಶದ ಕೆಲಸಕ್ಕೆ ಅದೇ ವಾಸಿ.

ಇದರ ಜೊತೆ ಕೆಂಪು ಥ್ರೆಡ್‌ಲಾಕರ್ ಅನ್ನು ಗೊಂದಲ ಮಾಡಿಕೊಳ್ಳಬೇಡಿ. ಅದೂ ಅನಿರೋಬಿಕ್ಕೇ, ನೀರನ್ನೂ ತಡೆಯುತ್ತದೆ, ನಿಜ. ಆದರೆ ಅದರ ಕೆಲಸ ಥ್ರೆಡ್ ಬಿಚ್ಚದಂತೆ ಹಿಡಿಯೋದು. ಮುಂದೆ ಬಿಚ್ಚಬೇಕು ಅಂದರೆ ಆ ಜಾಗವನ್ನು 250 ಡಿಗ್ರಿ ಹತ್ತಿರ ಕಾಯಿಸಬೇಕು. ಹೆಡ್ ಕೂತ ಮೇಲೆ ವಾಟರ್ ಜಾಕೆಟ್ ಒಳಗಿನ ಥ್ರೆಡ್‌ಗೆ ಅಷ್ಟು ಬಿಸಿ ಕೊಡೋದು ಎಲ್ಲಿಂದ?

ಸಿಲಿಕೋನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಥ್ರೆಡ್‌ಗೆ ಅದು ಬೇಡ. ಹಚ್ಚಿದ್ದೆಲ್ಲ ಬೋಲ್ಟ್ ತಿರುಗಿದಂತೆ ಮೇಲಕ್ಕೋ ಕೆಳಕ್ಕೋ ಹಿಂಡಿ ಹೋಗುತ್ತದೆ. ಕೆಳಗೆ ಹೋದ ತುಣುಕು ವಾಟರ್ ಜಾಕೆಟ್ ಸೇರಿ ರೇಡಿಯೇಟರ್ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಟೆಫ್ಲಾನ್ ಟೇಪ್‌ಗೂ ಇದೇ ತಕರಾರು. ಅದು ಕೊಳಾಯಿಯ ಕೋನಾಕಾರದ ಥ್ರೆಡ್‌ಗೆ ಸರಿ. ಹೆಡ್ ಬೋಲ್ಟಿನ ನೇರ ಥ್ರೆಡ್‌ನಲ್ಲಿ ಚಿಂದಿಯಾಗುತ್ತದೆ.

ತಾಮ್ರದ ವಾಷರ್ ಹಾಕಿ ಮೇಲಿನಿಂದ ತಡೆಯೋಣ ಅನ್ನುವವರಿಗೂ ಒಂದು ಮಾತು. ಹೆಡ್ ಬೋಲ್ಟ್ ಅಡಿಯಲ್ಲಿ ಗಟ್ಟಿ ಉಕ್ಕಿನ ವಾಷರ್ ಇರೋದು ಸುಮ್ನೆ ಅಲ್ಲ. ತಾಮ್ರ ಹಿಸುಕಿಕೊಳ್ಳುತ್ತದೆ. ಹಿಸುಕಿಕೊಂಡಷ್ಟೂ ಬೋಲ್ಟಿನ ಎಳೆತ ಕಡಿಮೆಯಾಗುತ್ತದೆ. ಸೋರಿಕೆ ನಿಲ್ಲಿಸಲು ಹೋಗಿ ಹೆಡ್ ಗ್ಯಾಸ್ಕೆಟ್ ಕಳೆದುಕೊಂಡ ಹಾಗೆ ಆಗುತ್ತದೆ.

ಟಾರ್ಕ್ ಲೆಕ್ಕ ಬದಲಾಗುತ್ತದೆ

ಈ ಭಾಗವನ್ನು ಬಿಟ್ಟು ಓದಬೇಡಿ. ಹೆಡ್ ಬಿಗಿಯಾಗೋದು ಟಾರ್ಕ್‌ನಿಂದ ಅಲ್ಲ, ಬೋಲ್ಟ್ ಹಿಗ್ಗಿ ಎಳೆದು ಹಿಡಿಯೋದರಿಂದ. ರೆಂಚ್‌ನಲ್ಲಿ ನೀವು ಹಾಕುವ ಬಲದಲ್ಲಿ ಸುಮಾರು ಅರ್ಧ ಬೋಲ್ಟ್ ತಲೆಯ ಅಡಿಯ ಉಜ್ಜಾಟಕ್ಕೆ ಹೋಗುತ್ತದೆ. ನೂರಕ್ಕೆ 40ರಷ್ಟು ಥ್ರೆಡ್‌ನ ಉಜ್ಜಾಟಕ್ಕೆ. ನಿಜವಾದ ಎಳೆತಕ್ಕೆ ಸಿಗೋದು ಉಳಿದ ನೂರಕ್ಕೆ 10. ಹಾಗಾಗಿ ಉಜ್ಜಾಟ ಸ್ವಲ್ಪ ಬದಲಾದರೂ ಎಳೆತ ಬಹಳ ಬದಲಾಗುತ್ತದೆ.

ಒಂದು ಲೆಕ್ಕ ಹಾಕೋಣ. ಸ್ಮಾಲ್ ಬ್ಲಾಕ್‌ನ ಹೆಡ್ ಬೋಲ್ಟ್ ದಪ್ಪ 7/16 ಇಂಚು, ಕಾರ್ಖಾನೆ ಹೇಳುವ ಟಾರ್ಕ್ 65 ಫುಟ್-ಪೌಂಡ್. ಉಜ್ಜಾಟವನ್ನು ಲೆಕ್ಕಕ್ಕೆ ತರುವ ಗುಣಾಂಕ ಒಣ ಉಕ್ಕಿಗೆ ಸಾಮಾನ್ಯವಾಗಿ 0.20. ಅದರಂತೆ ಬೋಲ್ಟಿನ ಎಳೆತ ಸುಮಾರು 8,900 ಪೌಂಡ್, ಅಂದರೆ 4 ಟನ್. ಥ್ರೆಡ್ಡೂ ತಲೆಯ ಅಡಿಯೂ ಚೆನ್ನಾಗಿ ಜಾರುವಂತಾಗಿ ಗುಣಾಂಕ 0.15ಕ್ಕೆ ಇಳಿದರೆ ಅದೇ 65ಕ್ಕೆ ಎಳೆತ ಸುಮಾರು 11,900 ಪೌಂಡ್, ಹತ್ತಿರ ಹತ್ತಿರ 5.4 ಟನ್. ರೆಂಚ್ ಎರಡಕ್ಕೂ ಒಂದೇ ಥರ ಕ್ಲಿಕ್ ಅನ್ನುತ್ತದೆ.

ಅದಕ್ಕೇ ಕೈಪಿಡಿಯ ಟಾರ್ಕ್ ಅಂಕಿಯನ್ನು ಮಾತ್ರ ನೋಡಬೇಡಿ. ಥ್ರೆಡ್‌ಗೆ ಏನು ಹಚ್ಚಿರಬೇಕು ಅನ್ನೋದನ್ನೂ ಪಕ್ಕದಲ್ಲಿ ಬರೆದಿರುತ್ತದೆ. ಸೀಲಂಟ್ ಹಚ್ಚಿ ಅಂತ ಹೇಳಿದ್ದರೆ ಅಂಕಿ ಸೀಲಂಟ್ ಸಮೇತದ್ದು. ಬೇರೆ ಕಂಪನಿಯ ಬೋಲ್ಟ್ ತಂದರೆ ಅವರು ಕೊಟ್ಟ ಲೂಬ್ (ಜಾರಿಸುವ ಪೇಸ್ಟ್), ಅವರು ಕೊಟ್ಟ ಅಂಕಿ, ಎರಡೂ ಜೊತೆಗೇ ಬರಬೇಕು. ಒಬ್ಬರ ಲೂಬ್‌ಗೆ ಇನ್ನೊಬ್ಬರ ಅಂಕಿ ಹಾಕಿದರೆ ಯಾರ ಲೆಕ್ಕವೂ ಉಳಿಯೋದಿಲ್ಲ. ಬೋಲ್ಟ್‌ಗೆ ಥ್ರೆಡ್‌ನಲ್ಲಿ ಸೀಲಂಟ್ ಇರಲಿ, ತಲೆಯ ಅಡಿಗೆ ಮತ್ತು ವಾಷರ್‌ಗೆ ಎಣ್ಣೆ ಅಥವಾ ಲೂಬ್. ತಲೆಯ ಅಡಿಗೂ ಸೀಲಂಟ್ ಮೆತ್ತುವ ಅಭ್ಯಾಸ ಕೆಲವರಿಗಿದೆ. ಕೈಪಿಡಿ ಹೇಳದ ಹೊರತು ಬೇಡ.

ಬೋಲ್ಟೋ, ಸ್ಟಡ್ಡೋ?

ಜೋರು ಎಂಜಿನ್ ಕಟ್ಟುವವರು ಸ್ಟಡ್ ಕಡೆ ವಾಲುತ್ತಾರೆ. ಅದಕ್ಕೆ ಕಾರಣ ಇದೆ. ಸ್ಟಡ್ ಬ್ಲಾಕ್‌ನಲ್ಲಿ ಸುಮ್ನೆ ನಿಂತಿರುತ್ತದೆ, ತಿರುಗೋದು ನಟ್ ಮಾತ್ರ. ಬ್ಲಾಕ್ ಕಡೆ ದಪ್ಪ ಥ್ರೆಡ್, ನಟ್ ಕಡೆ ಸಣ್ಣ ಥ್ರೆಡ್. ಬೋಲ್ಟ್ ತಿರುಚಿಕೊಂಡು ಹಿಗ್ಗುತ್ತದೆ. ಸ್ಟಡ್ ಬಹುಪಾಲು ನೇರವಾಗಿ ಹಿಗ್ಗುತ್ತದೆ, ಎಳೆತ ಹೆಚ್ಚು ಸಮವಾಗಿರುತ್ತದೆ. ಬ್ಲಾಕ್‌ನ ಥ್ರೆಡ್ ಪ್ರತಿ ಸಲ ಸವೆಯೋದೂ ತಪ್ಪುತ್ತದೆ.

ಆದರೆ ಸೋರಿಕೆ ವಿಷಯದಲ್ಲಿ ಸ್ಟಡ್ ಬೋಲ್ಟ್‌ಗಿಂತ ತರಲೆ. ಇದನ್ನು ಮಾರುವವರು ಅಷ್ಟಾಗಿ ಹೇಳೋದಿಲ್ಲ. ಬೋಲ್ಟಿನ ತಲೆ ಒಂದೇ ಗಟ್ಟಿ ಲೋಹ. ಥ್ರೆಡ್ ದಾಟಿ ಮೇಲೆ ಬಂದ ಕೂಲೆಂಟ್‌ಗೆ ಹೊರಗೆ ಹೋಗಲು ವಾಷರ್ ಅಡಿಯ ದಾರಿ ಮಾತ್ರ. ಸ್ಟಡ್‌ನಲ್ಲಿ ಆ ದಾರಿಯ ಜೊತೆಗೆ ಇನ್ನೊಂದು ಇದೆ: ನಟ್ ಒಳಗಿನ ಥ್ರೆಡ್. ಸ್ಟಡ್ ಹಿಡಿದುಕೊಂಡು ಮೇಲೇರಿದ ಕೂಲೆಂಟ್ ನಟ್ ಒಳಗಿಂದಲೇ ಏರಿ ಸ್ಟಡ್ ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. ಸ್ಟಡ್ ತುದಿಯಲ್ಲಿ ಹನಿ ಕಂಡರೆ ಅದು ಬ್ಲಾಕ್ ಥ್ರೆಡ್ ಸೋರಿಕೆ ಅಂತ ಗಟ್ಟಿಯಾಗಿ ಹೇಳಬಹುದು. ನಟ್ ಎಷ್ಟು ಬಿಗಿ ಮಾಡಿದರೂ ಆ ಹನಿ ನಿಲ್ಲೋದಿಲ್ಲ, ಯಾಕಂದರೆ ತಡೆ ಬೇಕಾಗಿರೋದು ಕೆಳಗೆ.

ಸ್ಟಡ್ ಅನ್ನು ಕೈಯಲ್ಲೇ ತಿರುಗಿಸಿ ಕೂರಿಸೋದು ಸರಿಯಾದ ಕ್ರಮ. ರೆಂಚ್ ಹಾಕಿ ತಳಕ್ಕೆ ಜಜ್ಜಬಾರದು. ಹೀಗೆ ಕೈಬಿಗಿಯಲ್ಲಿ ಕೂತ ಥ್ರೆಡ್‌ಗೆ ತಡೆ ಅಂದರೆ ಸೀಲಂಟ್ ಒಂದೇ. ಅದೃಷ್ಟಕ್ಕೆ ಸ್ಟಡ್ ಆಮೇಲೆ ತಿರುಗೋದಿಲ್ಲ. ಆದ್ದರಿಂದ ಗಟ್ಟಿಯಾಗುವ ಅನಿರೋಬಿಕ್ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಒಂದೇ ಷರತ್ತು: ಸೀಲಂಟ್ ಗಟ್ಟಿಯಾಗುವ ಮುಂಚೆ ಹೆಡ್ ಇಳಿಸಿ ಪೂರ್ತಿ ಟಾರ್ಕ್ ಮುಗಿಸಬೇಕು. ಇವತ್ತು ಸ್ಟಡ್ ಕೂರಿಸಿ ನಾಳೆ ಹೆಡ್ ಹಾಕಿದರೆ, ನಟ್ ಬಿಗಿ ಮಾಡುವಾಗ ಸ್ಟಡ್ ಹಿಗ್ಗಿ, ಸ್ವಲ್ಪ ತಿರುಚಿಕೊಂಡು, ಗಟ್ಟಿಯಾದ ಪದರ ಬಿರುಕು ಬಿಡಬಹುದು. ಇನ್ನೊಂದು, ಸ್ಟಡ್ ಓರೆಯಾಗಿ ಕೂತಿದ್ದಾಗಲೇ ಸೀಲಂಟ್ ಗಟ್ಟಿಯಾದರೆ ಹೆಡ್ ಇಳಿಯೋದೇ ಕಷ್ಟ. ಎಲ್ಲಾ ಸಿದ್ಧ ಮಾಡಿಟ್ಟುಕೊಂಡೇ ಟ್ಯೂಬ್ ಬಿಚ್ಚಿ. ಆ ವೇಗ ನಿಮಗೆ ಆಗದು ಅನ್ನಿಸಿದರೆ ಟೆಫ್ಲಾನ್ ಪೇಸ್ಟ್ ಹಾಕಿ. ಆತುರ ಮಾಡಿ ಗಟ್ಟಿ ಸೀಲ್ ಒಡೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ನನ್ನ ತೀರ್ಪು ಕೇಳಿದರೆ, ದಿನಬಳಕೆಯ ಎಂಜಿನ್, ತೆರೆದ ತೂತುಗಳು, ಟರ್ಬೋ ಏನೂ ಇಲ್ಲ ಅಂದರೆ ಒಳ್ಳೆಯ ಬೋಲ್ಟೇ ಸಾಕು. ಸ್ಟಡ್‌ನ ಲಾಭ ನಿಮಗೆ ಸಿಗೋದು ಕಡಿಮೆ, ತಲೆನೋವು ಪೂರ್ತಿ ಸಿಗುತ್ತದೆ. ಜೊತೆಗೆ ಎಂಜಿನ್ ಗಾಡಿಯೊಳಗೇ ಇರುವಾಗ ಉದ್ದದ ಸ್ಟಡ್ ಮೇಲಿಂದ ಹೆಡ್ ಎತ್ತಲು ಜಾಗ ಸಾಲದಿರಬಹುದು. ಒತ್ತಡ ಜಾಸ್ತಿ ಇರುವ, ಮತ್ತೆ ಮತ್ತೆ ಹೆಡ್ ಬಿಚ್ಚುವ ಎಂಜಿನ್‌ಗೆ ಸ್ಟಡ್ ಸರಿ.

ಸ್ವಚ್ಛತೆಗೆ ಟ್ಯೂಬ್‌ಗಿಂತ ಜಾಸ್ತಿ ಬೆಲೆ

ಯಾವ ಸೀಲಂಟ್ ಆದರೂ ಕೊಳೆ ಥ್ರೆಡ್ ಮೇಲೆ ನಿಲ್ಲೋದಿಲ್ಲ. ಹಳೆ ಸೀಲಂಟ್, ತುಕ್ಕು, ಮಷಿನಿಂಗ್ ಎಣ್ಣೆ ಎಲ್ಲಾ ಹೋಗಬೇಕು. ಥ್ರೆಡ್ ಚೇಸರ್ (ಲೋಹ ಕತ್ತರಿಸದೆ ಥ್ರೆಡ್ ಸ್ವಚ್ಛ ಮಾಡುವ ಉಪಕರಣ) ಬಳಸಿ. ಲೋಹ ಕತ್ತರಿಸುವ ಟ್ಯಾಪ್ ಹಾಕಿದರೆ ತೂತು ಇನ್ನಷ್ಟು ಸಡಿಲವಾಗುತ್ತದೆ, ಸಂದು ದೊಡ್ಡದಾಗುತ್ತದೆ, ನೀವೇ ಸೋರಿಕೆಗೆ ದಾರಿ ಅಗಲ ಮಾಡಿದ ಹಾಗೆ. ತೂತಿನ ಬಾಯಲ್ಲಿ ಸಣ್ಣ ಇಳಿಜಾರು ಅಂಚು ಇರಲಿ. ಇಲ್ಲದಿದ್ದರೆ ಮೊದಲ ಥ್ರೆಡ್ ಮೇಲಕ್ಕೆ ಉಬ್ಬಿ ಹೆಡ್ ಗ್ಯಾಸ್ಕೆಟ್ ಕೂರೋದು ಕೆಡುತ್ತದೆ. ಆಮೇಲೆ ಬ್ರೇಕ್ ಕ್ಲೀನರ್, ಬ್ರಷ್, ಗಾಳಿ. ಬೋಲ್ಟಿಗೂ ಅದೇ ಉಪಚಾರ. ಹೊಸ ಬೋಲ್ಟ್ ಮೇಲೂ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ, ಅದೂ ಹೋಗಲಿ.

ಸೀಲಂಟ್ ಹಚ್ಚುವಾಗ ಬ್ಲಾಕ್‌ಗೆ ಕಚ್ಚುವಷ್ಟೂ ಥ್ರೆಡ್ ಸುತ್ತ ಪೂರ್ತಿ ಸವರಿ. ತಗ್ಗುಗಳು ತುಂಬಬೇಕು, ದಿಣ್ಣೆ ಮೇಲೆ ತೆಳ್ಳಗೆ ಇರಬೇಕು. ಒಂದು ಬದಿಗೆ ಮಾತ್ರ ಗೀರು ಹಾಕಿದರೆ ಸುರುಳಿ ದಾರಿ ಪೂರ್ತಿ ಮುಚ್ಚೋದಿಲ್ಲ. ಮೊದಲ ಒಂದೆರಡು ಥ್ರೆಡ್ ಖಾಲಿ ಬಿಟ್ಟರೆ ಜಾಕೆಟ್ ಒಳಗೆ ಬೀಳುವ ಸೀಲಂಟ್ ಕಡಿಮೆ.

ಕಟ್ಟಿದ ಎಂಜಿನ್‌ನಲ್ಲಿ ರಿಪೇರಿ

ಹೆಡ್ ಬಿಚ್ಚದೆ ಒಂದೇ ಬೋಲ್ಟ್ ಸರಿಮಾಡಬಹುದಾ? ಬಹುಪಾಲು ಆಗುತ್ತದೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಕೂಲೆಂಟನ್ನು ರೇಡಿಯೇಟರ್‌ನಿಂದ ಇಳಿಸಿದರೆ ಸಾಲದು, ಬ್ಲಾಕ್ ಒಳಗಿನದು ಹಾಗೇ ಉಳಿಯುತ್ತದೆ. ಬ್ಲಾಕ್ ಪಕ್ಕದ ಡ್ರೈನ್ ಪ್ಲಗ್ ತೆಗೆಯಿರಿ. ಹಳೆ ಬ್ಲಾಕ್‌ನಲ್ಲಿ ಪ್ಲಗ್ ತೆಗೆದರೂ ಏನೂ ಬಾರದಿರಬಹುದು. ಹಿಂದೆ ಕೆಸರು ಕಟ್ಟಿರುತ್ತದೆ, ತಂತಿ ಹಾಕಿ ಕೆದಕಿ. ಕೂಲೆಂಟ್ ವಿಷ, ತೆರೆದಿಟ್ಟ ಬಾಣಲೆ ಪ್ರಾಣಿಗಳ ಕೈಗೆ ಸಿಗದಿರಲಿ.

ಒಂದು ಸಲಕ್ಕೆ ಒಂದೇ ಬೋಲ್ಟ್ ತೆಗೆಯಿರಿ. ಉಳಿದವು ಹೆಡ್ ಹಿಡಿದಿರುತ್ತವೆ. ತೂತನ್ನು ಕ್ಲೀನರ್‌ನಲ್ಲಿ ತೊಳೆದು ಗಾಳಿ ಊದಿ ಒಣಗಿಸಿ, ಸೀಲಂಟ್ ಹಚ್ಚಿ, ಪೂರ್ತಿ ಟಾರ್ಕ್ ಕೊಟ್ಟ ಮೇಲೆ ಮುಂದಿನದಕ್ಕೆ ಹೋಗಿ. ಸ್ಟಡ್ ಆದರೆ ನಟ್ ತೆಗೆದು, ತುದಿಯಲ್ಲಿ ಅಲೆನ್ ಗುಳಿ ಇದ್ದರೆ ಅದರಿಂದಲೇ ಸ್ಟಡ್ ಹೊರತೆಗೆಯಬಹುದು. ಒಮ್ಮೆ ಹಿಗ್ಗಿಸಿ ಬಿಸಾಡುವ ಬಗೆಯ ಬೋಲ್ಟ್, ಅಂದರೆ ಟಾರ್ಕ್ ಜೊತೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸುವಂಥದ್ದು ಆಗಿದ್ದರೆ ಹಳೆಯದನ್ನು ಮತ್ತೆ ಹಾಕಬೇಡಿ. ಆಮೇಲೆ ಸೀಲಂಟ್ ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಎಂಜಿನ್ ಶುರು ಮಾಡುವ ಮುಂಚೆ ತಣ್ಣಗಿರುವಾಗಲೇ ಪ್ರೆಶರ್ ಟೆಸ್ಟ್ ಮಾಡಿ. ರಾತ್ರಿಯಿಡೀ ಟೆಸ್ಟರ್ ಮುಳ್ಳು ಇಳಿಯದೆ ನಿಂತರೆ ನೆಮ್ಮದಿ.

ಥ್ರೆಡ್ಡೇ ಕಿತ್ತಿದ್ದರೆ ಯಾವ ಪೇಸ್ಟ್ ಕೂಡ ಪ್ರಯೋಜನಕ್ಕೆ ಬಾರದು. ಅಲ್ಯೂಮಿನಿಯಂ ಬ್ಲಾಕ್‌ಗಳಲ್ಲಿ ಇದು ಜಾಸ್ತಿ. ಕ್ಯಾಡಿಲಾಕ್ ನಾರ್ತ್‌ಸ್ಟಾರ್ ವಿ8 ಹೆಡ್ ಬೋಲ್ಟ್ ಥ್ರೆಡ್ ಕೀಳೋದಕ್ಕೇ ಹೆಸರಾದದ್ದು. ಇನ್ಸರ್ಟ್ (ಕಿತ್ತ ತೂತಿಗೆ ಹೊಸ ಥ್ರೆಡ್ ಕೊಡುವ ಒಳತುಣುಕು) ಆರಿಸುವಾಗ ತಂತಿ ಸುರುಳಿಯ ಹೆಲಿಕಾಯಿಲ್‌ಗಿಂತ ಗಟ್ಟಿ ಕೊಳವೆಯ ಟೈಮ್-ಸರ್ಟ್ ಥರದ್ದು ವಾಸಿ. ತಂತಿ ಸುರುಳಿಯ ಹಿಂದೆ ಇನ್ನೊಂದು ಸುರುಳಿ ಸಂದು ಉಳಿಯುತ್ತದೆ, ತೆರೆದ ತೂತಿನಲ್ಲಿ ಅಲ್ಲಿಂದಲೇ ಜಿನುಗಬಹುದು. ಗಟ್ಟಿ ಇನ್ಸರ್ಟ್‌ನ ಹೊರಮೈಗೆ ಲಾಕರ್ ಹಚ್ಚಿ ಕೂರಿಸಿದರೆ ಆ ದಾರಿಯೂ ಮುಚ್ಚುತ್ತದೆ.

ಇನ್ನು ರೇಡಿಯೇಟರ್‌ಗೆ ಹಾಕುವ ಸೀಲಿಂಗ್ ಮಾತ್ರೆ. ಇದನ್ನು ಪೂರ್ತಿ ಹೀಗಳೆಯಲಾರೆ. ಜನರಲ್ ಮೋಟರ್ಸ್ ಕೆಲವು ಎಂಜಿನ್‌ಗಳ ಕೂಲೆಂಟ್‌ಗೆ ಇಂಥ ಮಾತ್ರೆ ಹಾಕುವುದನ್ನು ತಾನೇ ಹೇಳಿತ್ತು. ಕೂದಲೆಳೆಯಷ್ಟು ಒಸರು, ಉಳಿದದ್ದೆಲ್ಲ ಸರಿ ಅಂದರೆ ಅದು ಕೆಲಸ ಮಾಡಬಹುದು. ಆದರೆ ಸೋಡಿಯಂ ಸಿಲಿಕೇಟ್ ಇರುವ ಜೋರು ದ್ರವಗಳನ್ನು ಹೊಸ ಎಂಜಿನ್‌ಗೆ ಸುರಿಯಬೇಡಿ. ಹೀಟರ್ ಕೋರ್‌ನ ಸಣ್ಣ ದಾರಿಗಳಿಗೂ ಬೋಲ್ಟಿನ ಸಂದಿಗೂ ಅವಕ್ಕೆ ವ್ಯತ್ಯಾಸ ಗೊತ್ತಾಗೋದಿಲ್ಲ.

ಚೆನ್ನಾಗಿ ತೊಳೆದು, ಸರಿಯಾದ ಸೀಲಂಟ್ ಹಾಕಿಯೂ ಅದೇ ಬೋಲ್ಟ್ ಮತ್ತೆ ಸೋರಿದರೆ ಇನ್ನೊಂದು ಟ್ಯೂಬ್ ಕೊಳ್ಳಬೇಡಿ. ಹೆಡ್ ಬಿಚ್ಚಿ ತೆಗೆಯಿರಿ. ಬೋಲ್ಟ್ ತೂತಿನಿಂದ ಹೊರಟ ಬಿರುಕು ಅಥವಾ ಎರಕದಲ್ಲಿನ ಸಣ್ಣ ರಂಧ್ರ ಇರಬಹುದು. ಕಬ್ಬಿಣದ ಬ್ಲಾಕ್ ಆದರೆ ಕಾಂತದ ಪುಡಿ ಹಾಕಿ ಬಿರುಕು ಹುಡುಕುತ್ತಾರೆ. ಅಲ್ಯೂಮಿನಿಯಂಗೆ ಕಾಂತ ಹಿಡಿಯೋದಿಲ್ಲ, ಬಣ್ಣದ ದ್ರವ ಇಳಿಸಿ ನೋಡುತ್ತಾರೆ ಅಥವಾ ಜಾಕೆಟ್‌ಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾರೆ. ಮಷಿನ್ ಶಾಪ್‌ಗೆ ಕೊಡುವಾಗ ಯಾವ ಬೋಲ್ಟ್ ಸೋರಿತ್ತು ಅಂತ ಬ್ಲಾಕ್ ಮೇಲೇ ಮಾರ್ಕರ್‌ನಲ್ಲಿ ಗುರುತು ಹಾಕಿ ಕೊಡಿ.